ಹಗ್ಗಕ್ಕೆ ಕಟ್ಟಿದ ಫುಟ್‌ಬಾಲ್: ಒದೆಯುವ ಅಭ್ಯಾಸದ ಸಾಧನವೊಂದರ ವಿನ್ಯಾಸ ವಿಚಾರ

1. ಪ್ರಶ್ನೆ

ಒಬ್ಬರೇ ಫುಟ್‌ಬಾಲ್ ಒದೆಯುವ ಅಭ್ಯಾಸಕ್ಕೆ ಇಳಿದರೆ ಒದೆಯುವುದಕ್ಕಿಂತ ಚೆಂಡು ಹುಡುಕಿ ತರುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಇದಕ್ಕೆ ಹಳೆಯ ಪರಿಹಾರವೆಂದರೆ ಚೆಂಡನ್ನು ಕಟ್ಟಿಹಾಕುವುದು. ನಮ್ಮಲ್ಲಿ ಕ್ರಿಕೆಟ್ ಕಲಿಯುವ ಮಕ್ಕಳು ಚೆಂಡನ್ನು ಕಾಲುಚೀಲದೊಳಗೆ ಹಾಕಿ, ಮೇಲಿನಿಂದ ಇಳಿಬಿಟ್ಟು ಬ್ಯಾಟ್ ಬೀಸುವುದು ಇದೇ ಉಪಾಯದಿಂದ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಚೆಂಡನ್ನು ತಲೆಯಿಂದ ಹೊಡೆಯುವ ತರಬೇತಿಗೆ ಇಳಿಬಿಟ್ಟ ಚೆಂಡನ್ನು ಬಹುಕಾಲ ಬಳಸಿದ್ದಾರೆ. ಸೊಂಟದ ಪಟ್ಟಿಗೆ ರಬ್ಬರ್ ಹಗ್ಗದಿಂದ ಚೆಂಡು ಬಿಗಿಯುವ ಸಾಧನಗಳು ಈಗ ಅಂಗಡಿಗಳಲ್ಲೇ ಸಿಗುತ್ತವೆ.

ಇಂಥ ಸಾಧನ ಮಾಡುವವರೂ ಕೊಳ್ಳುವವರೂ ಮೊದಲು ನೋಡುವುದು ಹಗ್ಗ ಗಟ್ಟಿಯಾಗಿದೆಯೇ ಎಂಬುದನ್ನು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ ಎಂಬುದು ಈ ಟಿಪ್ಪಣಿಯ ವಾದ. ಕಾಲು ಚೆಂಡಿಗೆ ತಾಗಿರುವ ಗಳಿಗೆಯಲ್ಲಿ ಹಗ್ಗ ಏನು ಮಾಡುತ್ತಿರುತ್ತದೆ? ಒದೆತದಿಂದ ಚೆಂಡಿಗೆ ಬಂದ ಶಕ್ತಿ ಕೊನೆಗೆ ಎಲ್ಲಿ ಕರಗುತ್ತದೆ? ಮೊದಲನೆಯ ಪ್ರಶ್ನೆಯ ಮೇಲೆ ಕಲಿಕೆಯ ಗುಣ ನಿಂತಿದೆ, ಎರಡನೆಯದರ ಮೇಲೆ ಕಲಿಯುವವರ ಸುರಕ್ಷತೆ.

ಇಲ್ಲಿರುವುದು ಲೆಕ್ಕಾಚಾರ, ಮೈದಾನದ ಪ್ರಯೋಗವಲ್ಲ. ಗಾಳಿಯ ತಡೆಯನ್ನೂ ನೆಲದ ಘರ್ಷಣೆಯನ್ನೂ ಲೆಕ್ಕದಿಂದ ಬಿಟ್ಟಿರುವುದರಿಂದ ವೇಗ, ಸೆಳೆತಗಳ ಅಂಕಿಗಳು ವಾಸ್ತವಕ್ಕಿಂತ ತುಸು ಹೆಚ್ಚಾಗಿರುತ್ತವೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ಬದಿಗೇ ವಾಲಿದ ದೋಷ.

2. ಆಧಾರದ ಅಳತೆಗಳು

ಆಟದ ನಿಯಮಾವಳಿಯ 2ನೇ ನಿಯಮದಂತೆ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಲೆಕ್ಕಕ್ಕೆ ನಡುವಿನ 430 ಗ್ರಾಂ ಹಿಡಿದಿದ್ದೇನೆ. ಒದೆತದ ಚಲನೆಯ ಬಗ್ಗೆ ದಶಕಗಳಿಂದ ಅಧ್ಯಯನ ನಡೆದಿದೆ. ಏಡ್ರಿಯನ್ ಲೀಸ್, ತಕೇಶಿ ಅಸಾಯ್ ಮತ್ತು ಸಂಗಡಿಗರು ಅವುಗಳ ವಿಸ್ತಾರವಾದ ಸಮೀಕ್ಷೆಯನ್ನು 2010ರಲ್ಲಿ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಒಪ್ಪಿತವಾದ ಎರಡು ಅಂಕಿಗಳು ನಮಗೆ ಸಾಕು. ನುರಿತ ವಯಸ್ಕ ಆಟಗಾರರು ಪಾದದ ಮೇಲ್ಭಾಗದಿಂದ ಬಲವಾಗಿ ಒದ್ದರೆ ಚೆಂಡು ಸೆಕೆಂಡಿಗೆ 25ರಿಂದ 30 ಮೀಟರ್ ವೇಗ ಪಡೆಯುತ್ತದೆ. ಪಾದಕ್ಕೂ ಚೆಂಡಿಗೂ ಇರುವ ಸಂಪರ್ಕ ಸುಮಾರು 10 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ನೂರನೇ ಒಂದು ಭಾಗ.

ಅಭ್ಯಾಸದ ಸಾಧನಕ್ಕೆ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗವನ್ನು ವಿನ್ಯಾಸದ ಮಿತಿಯಾಗಿ ಇಟ್ಟುಕೊಳ್ಳೋಣ. ಆ ವೇಗದ ಚೆಂಡಿನಲ್ಲಿ 86 ಜೂಲ್ ಶಕ್ತಿ ಇರುತ್ತದೆ. ಅದನ್ನು 10 ಮಿಲಿಸೆಕೆಂಡಿನಲ್ಲಿ ತುಂಬಬೇಕಾದರೆ ಪಾದ ಸರಾಸರಿ 860 ನ್ಯೂಟನ್ ಬಲ ಹಾಕಿರಬೇಕು. ಅಷ್ಟು ಹೊತ್ತಿನಲ್ಲಿ ಚೆಂಡು ಸಾಗುವ ದೂರ 20 ಸೆಂಟಿಮೀಟರಿಗಿಂತ ಕಡಿಮೆ. ಒದೆತದ ಸರಿ ತಪ್ಪು ಎಲ್ಲವೂ ಇಷ್ಟರೊಳಗೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ವಿನ್ಯಾಸದ ಮೊದಲ ನಿಯಮ: ಈ 20 ಸೆಂಟಿಮೀಟರಿನಲ್ಲಿ ಹಗ್ಗ ಚೆಂಡನ್ನು ಎಳೆಯಬಾರದು. ಎಳೆದರೆ ಕಾಲು ಕಲಿಯುವುದು ಚೆಂಡನ್ನಲ್ಲ, ಹಗ್ಗದ ಚೆಂಡನ್ನು.

3. ಇಳಿಬಿಟ್ಟ ಚೆಂಡು

ಕಂಬದ ಅಡ್ಡಪಟ್ಟಿಯಿಂದ 2 ಮೀಟರ್ ಹಗ್ಗದಲ್ಲಿ ಚೆಂಡು ನೇತುಹಾಕಿದರೆ ಅದೊಂದು ಲೋಲಕ. ನೆಲಕ್ಕೆ ಸಮಾಂತರವಾಗಿ ಸೆಕೆಂಡಿಗೆ 6.3 ಮೀಟರಿಗಿಂತ ಕಡಿಮೆ ವೇಗ ಕೊಟ್ಟರೆ ಚೆಂಡು ಹೋದ ದಾರಿಯಲ್ಲೇ ತೂಗಿ 1.4ರಿಂದ 1.7 ಸೆಕೆಂಡಿನಲ್ಲಿ ಮರಳುತ್ತದೆ. ವೇಗ 9.9 ಮೀಟರ್ ಮುಟ್ಟಿದರೆ ಪೂರ್ಣ ಸುತ್ತು ಹೊಡೆದು ಹಗ್ಗ ಪಟ್ಟಿಗೆ ಸುತ್ತಿಕೊಳ್ಳುತ್ತದೆ. ಇವೆರಡರ ನಡುವಿನ ವೇಗದಲ್ಲಿ ಹಗ್ಗ ಮೇಲೇರುವ ದಾರಿಯಲ್ಲೇ ಸಡಿಲಗೊಂಡು, ಚೆಂಡು ವೃತ್ತದ ಒಳಕ್ಕೆ ಬೀಳುತ್ತದೆ. ಅದು ಎಲ್ಲಿಗೆ ಬರುತ್ತದೆಂದು ಒದ್ದವರಿಗೆ ಅಂದಾಜು ಸಿಗುವುದಿಲ್ಲ.

ಸೆಕೆಂಡಿಗೆ 10 ಮೀಟರ್ ಎಂಬುದು ನಮ್ಮ ವಿನ್ಯಾಸದ ವೇಗದ ಅರ್ಧ ಮಾತ್ರ. ಹಾಗಾಗಿ ಇಳಿಬಿಟ್ಟ ಚೆಂಡು ಬಲವಾದ ಒದೆತಕ್ಕೆ ಒಗ್ಗದು. ಪಾದದ ಒಳಬದಿಯಿಂದ ತಟ್ಟುವುದು, ಗಾಳಿಯಲ್ಲಿರುವ ಚೆಂಡಿಗೆ ಕಾಲು ಕೊಡುವ ವಾಲಿ, ಎರಡೂ ಕಾಲನ್ನು ಸಮನಾಗಿ ಪಳಗಿಸುವುದು ಇವುಗಳಿಗೆ ಅದು ಬಹಳ ಒಳ್ಳೆಯದು. ಚೆಂಡು ಒಂದೇ ಹಾದಿಯಲ್ಲಿ, ಒಂದೇ ಲಯದಲ್ಲಿ ಬರುವುದರಿಂದ ಹೊಸಬರಿಗೆ ಕಾಲು ಎತ್ತುವ ಸಮಯ ತಿಳಿಯುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ನೇತಾಡುವ ಚೆಂಡನ್ನು ಕಂಡರೆ ಮಕ್ಕಳು ತಲೆ ಕೊಡುತ್ತಾರೆ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ಜೆಫ್ ಆಸ್ಲ್ 2002ರಲ್ಲಿ 59ನೇ ವಯಸ್ಸಿಗೆ ತೀರಿಕೊಂಡಾಗ ಮರಣ ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ವೃತ್ತಿಜನ್ಯ ಕಾಯಿಲೆಯ ಸಾವು ಎಂದು ದಾಖಲಿಸಿದರು. ಮತ್ತೆಮತ್ತೆ ತಲೆಯಿಂದ ಚೆಂಡು ಹೊಡೆದದ್ದು ಮಿದುಳಿಗೆ ಹಾನಿ ಮಾಡಿತ್ತು. 2020ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ತಲೆಯ ಹೊಡೆತ ಬೇಡವೆಂದಿತು. 2021ರಲ್ಲಿ ಅಲ್ಲಿನ ವೃತ್ತಿಪರ ಆಟಗಾರರಿಗೂ ವಾರದ ತರಬೇತಿಯಲ್ಲಿ ಬಲವಾದ ತಲೆಹೊಡೆತಗಳು ಹತ್ತನ್ನು ಮೀರಬಾರದೆಂಬ ಸೂಚನೆ ಬಂತು. ಸುಸ್ತಿಲ್ಲದೆ ಮತ್ತೆಮತ್ತೆ ಹೊಡೆಯಲು ಬಿಡುವುದೇ ಕಟ್ಟಿದ ಚೆಂಡಿನ ಗುಣ. ತಲೆಯ ವಿಷಯದಲ್ಲಿ ಅದೇ ಅಪಾಯ. ಶಾಲೆಗಳಲ್ಲಿ ಇಳಿಬಿಟ್ಟ ಚೆಂಡು ಮಕ್ಕಳ ಮಂಡಿಯ ಮಟ್ಟದಿಂದ ಮೇಲಿರಬಾರದು.

4. ಹಗ್ಗವೋ ರಬ್ಬರೋ

ಬಲವಾದ ಒದೆತಕ್ಕೆ ಚೆಂಡನ್ನು ನೆಲದ ಮೇಲಿಟ್ಟು ಗೂಟಕ್ಕೆ ಕಟ್ಟಬೇಕು. ಚೆಂಡನ್ನು ನಿಲ್ಲಿಸುವಾಗ ಹಗ್ಗದ ಮೇಲೆ ಬೀಳುವ ಗರಿಷ್ಠ ಸೆಳೆತಕ್ಕೆ ಸರಳ ಸೂತ್ರವಿದೆ: ಶಕ್ತಿಯ ಎರಡರಷ್ಟನ್ನು ಹಗ್ಗ ಹಿಗ್ಗಿದ ದೂರದಿಂದ ಭಾಗಿಸಿದರೆ ಆಯಿತು. ಹಿಗ್ಗದ ಹಗ್ಗ 5 ಸೆಂಟಿಮೀಟರಿನಲ್ಲಿ ಚೆಂಡನ್ನು ನಿಲ್ಲಿಸಿದರೆ ಸೆಳೆತ 3,440 ನ್ಯೂಟನ್, ಸುಮಾರು 350 ಕಿಲೋ ಭಾರಕ್ಕೆ ಸಮ. ಗೂಟ ಕಿತ್ತು ಬರುತ್ತದೆ, ಇಲ್ಲವೆ ಚೆಂಡಿನ ಹೊಲಿಗೆ ಬಿಡುತ್ತದೆ. ಅದೇ ಶಕ್ತಿಯನ್ನು 3 ಮೀಟರ್ ರಬ್ಬರ್ ಹಗ್ಗ ಇನ್ನೂ 3 ಮೀಟರ್ ಹಿಗ್ಗಿ ತಡೆದರೆ ಸೆಳೆತ 57 ನ್ಯೂಟನ್. ಅದು 6 ಕಿಲೋ ಭಾರಕ್ಕಿಂತ ಕಡಿಮೆ.

ಇಷ್ಟಕ್ಕೇ ರಬ್ಬರನ್ನು ಒಪ್ಪಿಕೊಂಡುಬಿಡಬಾರದು. ರಬ್ಬರ್ ಶಕ್ತಿಯನ್ನು ನುಂಗುವುದಿಲ್ಲ, ಕೂಡಿಟ್ಟು ಹಿಂದಿರುಗಿಸುತ್ತದೆ. ಶೇಕಡಾ 70 ಮರಳಿಸಿದರೂ ಚೆಂಡು ಸೆಕೆಂಡಿಗೆ 16.7 ಮೀಟರ್ ವೇಗದಲ್ಲಿ ಬರುತ್ತದೆ. ಹಗ್ಗದ ತುದಿ ಒದ್ದವರ ಸೊಂಟದಲ್ಲೇ ಇದ್ದರೆ ಪೂರ್ತಿ ಹಿಗ್ಗಿದ ಸ್ಥಿತಿಯಿಂದ ಚೆಂಡು ಅವರನ್ನು ತಲುಪಲು ಬೇಕಾದದ್ದು ಸುಮಾರು 0.42 ಸೆಕೆಂಡ್. ಕಂಡದ್ದಕ್ಕೆ ಮೈ ಸ್ಪಂದಿಸುವುದಕ್ಕೇ ಮನುಷ್ಯನಿಗೆ ಹತ್ತಿರ ಹತ್ತಿರ 0.2 ಸೆಕೆಂಡ್ ಬೇಕು. ಉಳಿದ ಅಲ್ಪ ಹೊತ್ತಿನಲ್ಲಿ, ಒದ್ದ ಕಾಲು ಇನ್ನೂ ಪೂರ್ತಿ ಊರಿರದ ಸ್ಥಿತಿಯಲ್ಲಿ, ಮುಖ ತಪ್ಪಿಸಿಕೊಳ್ಳಬೇಕು. ಸೊಂಟಕ್ಕೆ ಕಟ್ಟುವ ಸಾಧನ ಮೆಲ್ಲಗೆ ತಟ್ಟಿ ಹಿಡಿತ ಕಲಿಯುವುದಕ್ಕೆ ಮಾತ್ರ ತಕ್ಕದ್ದು.

5. ಗೂಟ ಮುಂದಿರಲಿ

ಗೂಟವನ್ನು ಚೆಂಡಿನ ಹಿಂದೆ, ಒದೆಯುವವರ ಕಾಲ ಬಳಿ ಹೊಡೆಯುವುದು ರೂಢಿ. ಅದನ್ನು ಚೆಂಡಿನ ಮುಂದೆ 2.5 ಮೀಟರ್ ದೂರಕ್ಕೆ ಒಯ್ದರೆ ಮೂರು ಲಾಭಗಳು ಒಟ್ಟಿಗೆ ಸಿಗುತ್ತವೆ. ಒಂದು, ಚೆಂಡು ಗೂಟದ ಕಡೆಗೇ ಹೊರಡುವುದರಿಂದ ಮೊದಲ ಕ್ಷಣದಿಂದಲೇ ಹಗ್ಗ ಸಡಿಲವಾಗುತ್ತ ಹೋಗುತ್ತದೆ. ಸಂಪರ್ಕದ 10 ಮಿಲಿಸೆಕೆಂಡಿನಲ್ಲಿ ಎಳೆತವೇ ಇರುವುದಿಲ್ಲ. ಎರಡು, ಊರಿದ ಕಾಲಿಗೆ ಹಗ್ಗ ತೊಡರುವುದಿಲ್ಲ. ಮೂರು, 3 ಮೀಟರ್ ಹಗ್ಗದಲ್ಲೇ ಚೆಂಡಿಗೆ 5.5 ಮೀಟರ್ ಸ್ವತಂತ್ರ ಹಾರಾಟ ಸಿಗುತ್ತದೆ: ಗೂಟದವರೆಗೆ 2.5, ಅದರಾಚೆ 3. ತಗ್ಗಿನಲ್ಲಿ ಹೋಗುವ ಚೆಂಡು ಗೂಟಕ್ಕೆ ಬಡಿಯದಂತೆ ಅದನ್ನು ಒದೆತದ ಗೆರೆಯಿಂದ ಅರ್ಧ ಮೀಟರ್ ಪಕ್ಕಕ್ಕೆ, ನೆಲಮಟ್ಟಕ್ಕೆ ಹೊಡೆದು, ಸುತ್ತ ಹಳೆಯ ಸ್ಕೂಟರ್ ಟೈರ್ ಇಡಬೇಕು.

ಮರಳುವ ವೇಗ ಮಾತ್ರ ಇದರಿಂದ ತಗ್ಗುವುದಿಲ್ಲ, ಚೆಂಡು 0.57 ಸೆಕೆಂಡಿನಲ್ಲಿ ಬರುತ್ತದೆ. ಹಗ್ಗದ ತುದಿಗೆ ಮರಳಿನ ಚೀಲ ಕಟ್ಟಿ ಎಳೆದುಕೊಂಡು ಹೋಗಲು ಬಿಡೋಣವೆಂದು ಮೊದಲು ಹೊಳೆಯುತ್ತದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. 5 ಕಿಲೋ ಚೀಲ ಜಡತ್ವದಿಂದಾಗಿ ಕೆಲವೇ ಸೆಂಟಿಮೀಟರ್ ಕದಲುವಷ್ಟರಲ್ಲಿ ರಬ್ಬರ್ ಪೂರ್ತಿ ಹಿಗ್ಗಿಬಿಟ್ಟಿರುತ್ತದೆ. ಜಾರುವ ವಸ್ತು ಹಗುರವಾಗಿರಬೇಕು. ರಬ್ಬರಿನ ತುದಿಗೆ 3 ಮೀಟರ್ ಮಾಮೂಲಿ ಹಗ್ಗ ಸೇರಿಸಿ, ಅದನ್ನು ಗೂಟದ ಬಳಿ ಎರಡು ಮರದ ಹಲಗೆಗಳ ನಡುವೆ ಬೋಲ್ಟ್ ಬಿಗಿದು ಹಿಡಿಸುವುದು ಸರಿಯಾದ ದಾರಿ. ಸೆಳೆತ 25 ನ್ಯೂಟನ್ ದಾಟಿದೊಡನೆ ಹಗ್ಗ ಹಲಗೆಗಳ ನಡುವೆ ಜಾರಬೇಕು. ಬಿಗಿತ ಗೊತ್ತುಮಾಡಲು ಉಪಕರಣ ಬೇಡ: ಹಗ್ಗದ ತುದಿಗೆ ಎರಡೂವರೆ ಕಿಲೋ ಅಕ್ಕಿಯ ಚೀಲ ತೂಗುಬಿಟ್ಟು, ಅದು ಆಗಷ್ಟೇ ಜಾರತೊಡಗುವವರೆಗೆ ಬೋಲ್ಟ್ ಸಡಿಲಿಸಿದರೆ ಸಾಕು. ಮಳೆಯಲ್ಲಿ ನೆನೆದ ಹಗ್ಗಕ್ಕೆ ಬಿಗಿತವನ್ನು ಮತ್ತೆ ನೋಡಬೇಕು.

ಹೀಗೆ ಮಾಡಿದಾಗ ರಬ್ಬರಿನಲ್ಲಿ ಕೂಡುವ ಶಕ್ತಿ 16 ಜೂಲಿಗೆ ನಿಂತುಬಿಡುತ್ತದೆ. ಉಳಿದ 70 ಜೂಲ್ 2.8 ಮೀಟರ್ ಜಾರುವಿಕೆಯಲ್ಲಿ ಶಾಖವಾಗಿ ಹೋಗುತ್ತದೆ. ಮರಳುವ ವೇಗ 16.7ರಿಂದ 7.3 ಮೀಟರಿಗೆ ಇಳಿಯುತ್ತದೆ. ಒದ್ದವರನ್ನು ತಲುಪಲು ಬೇಕಾದ ಕಾಲ 1.4 ಸೆಕೆಂಡಿಗೆ ಏರುತ್ತದೆ. ಅಷ್ಟರಲ್ಲಿ ಸಾಮಾನ್ಯ ಎತ್ತರದ ಒದೆತದ ಚೆಂಡು ನೆಲ ಮುಟ್ಟಿ ಉರುಳುತ್ತಿರುತ್ತದೆ. ಪ್ರತಿ ಒದೆತದ ನಂತರ ಮೂರು ಮೀಟರ್ ಹಗ್ಗವನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾದ ಶ್ರಮವನ್ನು ಈ ಸುರಕ್ಷತೆಗಾಗಿ ಒಪ್ಪಿಕೊಳ್ಳಬೇಕು. ಇಡೀ ವ್ಯವಸ್ಥೆಗೆ ಬೇಕಾದ ನೆಲ ಸುಮಾರು 10 ಮೀಟರ್ ಉದ್ದ.

6. ಚೆಂಡಿಗೆ ಹಾಕುವ ಕಟ್ಟು

ಚೆಂಡಿನ ಸುತ್ತ ಬಲೆ ಹಾಕಿದರೆ ತೂಕ ಹೆಚ್ಚುತ್ತದೆ, ಪಾದ ತಾಗುವ ಮೈಯೂ ಬದಲಾಗುತ್ತದೆ. ನಿಯಮದ ಕೆಳಮಿತಿಯ 410 ಗ್ರಾಂ ಚೆಂಡು ಆಯ್ದು, ಬಲೆ ಕೊಂಡಿಗಳು 40 ಗ್ರಾಂ ಮೀರದಂತೆ ನೋಡಿಕೊಂಡರೆ ಒಟ್ಟು ತೂಕ ಮೇಲ್ಮಿತಿಯಾದ 450 ಗ್ರಾಮಿನೊಳಗೇ ಉಳಿಯುತ್ತದೆ. ಗಾಳದ ದಾರಕ್ಕೆ ಬಳಸುವಂಥ, ತಿರುಗುವ ಕೊಂಡಿ ಹಾಕಿದರೆ ಹಗ್ಗ ಹುರಿಗೊಳ್ಳುವುದಿಲ್ಲ.

ಆದರೆ ತಿರುವು ಒದೆತವನ್ನು ಈ ಸಾಧನದಲ್ಲಿ ಕಲಿಸಲಾಗದು. ಅಂಥ ಒದೆತದಲ್ಲಿ ಚೆಂಡು ಸೆಕೆಂಡಿಗೆ ಎಂಟು ಹತ್ತು ಸುತ್ತು ತಿರುಗುತ್ತದೆ. 5.5 ಮೀಟರ್ ಸಾಗುವ 0.28 ಸೆಕೆಂಡಿನಲ್ಲಿ ಎರಡು ಮೂರು ಸುತ್ತು ಆಗಿ, ಸುತ್ತಿಗೆ 70 ಸೆಂಟಿಮೀಟರಿನಂತೆ ಒಂದೂವರೆಯಿಂದ ಎರಡು ಮೀಟರ್ ಹಗ್ಗ ಚೆಂಡಿಗೇ ಸುತ್ತಿಕೊಳ್ಳುತ್ತದೆ. 1997ರ ಜೂನ್ 3ರಂದು ಲಿಯಾನ್‌ನಲ್ಲಿ ಫ್ರಾನ್ಸ್ ವಿರುದ್ಧ ರಾಬರ್ಟೊ ಕಾರ್ಲೊಸ್ ಹೊಡೆದ ಪ್ರಸಿದ್ಧ ಫ್ರೀ ಕಿಕ್ ಬಾಗಿದ್ದು ಸುಮಾರು 35 ಮೀಟರ್ ದೂರದಲ್ಲಿ. ಆ ಬಾಗು ಕಣ್ಣಿಗೆ ಕಾಣಬೇಕಾದರೆ ಚೆಂಡು ಕಟ್ಟಿಲ್ಲದೆ ಹಾರಲೇಬೇಕು.

ಲಗೇಜ್ ಕಟ್ಟುವ ಕಬ್ಬಿಣದ ಕೊಕ್ಕೆಯ ರಬ್ಬರ್ ಹಗ್ಗವನ್ನು ಎಂದೂ ಬಳಸಬಾರದು. ಕೊಕ್ಕೆ ಬಿಟ್ಟು ಕಣ್ಣಿಗೆ ಬಡಿದ ಪ್ರಕರಣಗಳು ನೇತ್ರ ವೈದ್ಯಕೀಯದಲ್ಲಿ ಹಲವು ದಾಖಲಾಗಿವೆ. ಬಿಸಿಲಿಗೂ ಗಾಳಿಯ ಓಝೋನಿಗೂ ರಬ್ಬರ್ ಬಿರಿಯುತ್ತದೆ. ಬಿರುಕು ಕಂಡ ದಿನವೇ ಅದನ್ನು ಬದಲಿಸಬೇಕು.

7. ಏನು ಕಲಿಯಬಹುದು

ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ಕೌಶಲ ಕಲಿಕೆಯ ಮೂರು ಹಂತಗಳನ್ನು ಗುರುತಿಸಿದರು: ತಿಳಿದುಕೊಳ್ಳುವುದು, ಕೂಡಿಸಿಕೊಳ್ಳುವುದು, ತಾನಾಗಿ ಬರುವುದು. ಕಟ್ಟಿದ ಚೆಂಡಿನ ನಿಜವಾದ ಜಾಗ ಮೊದಲೆರಡು ಹಂತಗಳಲ್ಲಿ. ಊರುವ ಕಾಲು ಚೆಂಡಿನ ಪಕ್ಕ ಎಲ್ಲಿರಬೇಕು, ಕಣಕಾಲು ಸಡಿಲವಾಗದಂತೆ ಹೇಗೆ ಬಿಗಿಹಿಡಿಯಬೇಕು, ಪಾದದ ಯಾವ ಭಾಗ ಚೆಂಡಿನ ಯಾವ ಭಾಗಕ್ಕೆ ತಾಗಬೇಕು ಎಂಬುದನ್ನು ಇಲ್ಲಿ ಮನದಣಿಯೆ ತಿದ್ದಿಕೊಳ್ಳಬಹುದು.

ಒಂದೇ ಒದೆತವನ್ನು ನೂರು ಸಲ ಮಾಡುವ ಆಸೆಗೆ ಮಾತ್ರ ಬೀಳಬಾರದು. ಜಾನ್ ಶಿಯಾ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಕೈಚಲನೆಯ ಪ್ರಯೋಗವೊಂದರಲ್ಲಿ, ಕ್ರಮ ಬದಲಿಸುತ್ತ ಅಭ್ಯಾಸ ಮಾಡಿದವರು ಆ ಹೊತ್ತಿಗೆ ಹಿಂದೆ ಬಿದ್ದಂತೆ ಕಂಡರೂ ಕಲಿತದ್ದನ್ನು ಹೆಚ್ಚು ಚೆನ್ನಾಗಿ ಉಳಿಸಿಕೊಂಡರೆಂದು ತೋರಿಸಿದರು. ಅದು ಫುಟ್‌ಬಾಲಿನ ಪ್ರಯೋಗವಲ್ಲ. ಆದರೂ ಎಡಗಾಲು, ಬಲಗಾಲು, ಒಳಬದಿ, ಮೇಲ್ಭಾಗ, ಗುರಿ ಇವನ್ನು ಪ್ರತಿ ಒದೆತಕ್ಕೂ ಬದಲಿಸುವುದು ವಿವೇಕದ ದಾರಿ.

ಗುರಿಯೂ ಬೇಕು, ಏಕೆಂದರೆ ಹಾರಾಟ ಮೊಟಕಾದಾಗ ಒದೆತ ಸರಿಯಾಯಿತೇ ಎಂದು ತಿಳಿಯುವುದಿಲ್ಲ. ಇಲ್ಲೊಂದು ಅನುಕೂಲವಿದೆ: 5.5 ಮೀಟರ್ ಎಂಬುದು ಪೆನಾಲ್ಟಿಯ 11 ಮೀಟರಿನ ಸರಿಯಾಗಿ ಅರ್ಧ. ಗೋಲಿನ ಅಗಲ 7.32 ಮೀಟರ್. 5.5 ಮೀಟರ್ ದೂರದಲ್ಲಿ 3.66 ಮೀಟರ್ ಅಂತರಕ್ಕೆ ಎರಡು ಕೋಲು ನೆಟ್ಟರೆ, ಅವುಗಳ ನಡುವೆ ಹೋದ ನೇರ ಒದೆತ ನಿಜವಾದ ಗೋಲಿನ ಅಗಲದೊಳಗೂ ಹೋಗುತ್ತದೆ. ಎತ್ತರಕ್ಕೆ ಈ ಅರ್ಧದ ಲೆಕ್ಕ ಹೊಂದದು, ಏಕೆಂದರೆ ಗುರುತ್ವದಿಂದ ಚೆಂಡು ಕುಸಿಯುವ ಪ್ರಮಾಣ ದೂರದೊಂದಿಗೆ ಸಮನಾಗಿ ಬೆಳೆಯುವುದಿಲ್ಲ. ಮಟ್ಟವಾಗಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟ ಚೆಂಡಿಗೆ 5.5 ಮೀಟರಿನಲ್ಲಿ ಆ ಕುಸಿತ 37 ಸೆಂಟಿಮೀಟರ್ ಆದರೆ 11 ಮೀಟರಿನಲ್ಲಿ 1.48 ಮೀಟರ್.

8. ತೀರ್ಮಾನ

ಗಟ್ಟಿಯಾದ ಗೋಡೆಯೋ ಬಲೆಯೋ ಇರುವಲ್ಲಿ ಕಟ್ಟಿದ ಚೆಂಡು ಬೇಡ. ಚೆಂಡನ್ನು ಸ್ವತಂತ್ರವಾಗಿ ಒದೆಯುವುದೇ ಮೇಲು. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಫುಟ್‌ಬಾಲ್ ಪ್ರೀತಿಯ, ಆದರೆ ಜಾಗ ಇಕ್ಕಟ್ಟಾದ ಬಡಾವಣೆಗಳಿಗೆ, ಮೈದಾನವೇ ಇಲ್ಲದ ಶಾಲೆಯ ಅಂಗಳಗಳಿಗೆ ಇದು ಉಪಯುಕ್ತ. ಮೃದು ಒದೆತಕ್ಕೆ ಇಳಿಬಿಟ್ಟ ಚೆಂಡು. ಬಲದ ಒದೆತಕ್ಕೆ ಮುಂದಿನ ಗೂಟ, ರಬ್ಬರ್ ಮತ್ತು ಜಾರುಹಲಗೆ. ಸಾಧನ ಮಾಡಹೊರಟ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಒಂದು ವಿನಂತಿ: ಮಕ್ಕಳ ಕೈಗೆ ಕೊಡುವ ಮೊದಲು ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮೆಲ್ಲನೆಯ ಒದೆತದಿಂದ ಆರಂಭಿಸಿ, ಚೆಂಡು ಮರಳುವ ವೇಗವನ್ನು ನೀವೇ ಪರೀಕ್ಷಿಸಿ. ಹಗ್ಗ ಎಷ್ಟು ಗಟ್ಟಿ ಎಂಬುದಕ್ಕಿಂತ ಚೆಂಡು ಎಷ್ಟು ಮೆಲ್ಲಗೆ ಮರಳುತ್ತದೆ ಎಂಬುದೇ ಈ ಸಾಧನದ ಯೋಗ್ಯತೆಯ ಅಳತೆ.