ಗೀರು, ಚಕ್ಕೆ ಮತ್ತು ಮೀನಿನ ತೊಟ್ಟಿ: ಮಸ್ಕಿಯ ಕಲ್ಲಿನಿಂದ ಗ್ರಿಫಿತ್‌ನ ಗಾಜಿನವರೆಗೆ

ಸಿಂಧನೂರಿನ ವಿಜ್ಞಾನ ಶಿಕ್ಷಕರೊಬ್ಬರು ಈಚೆಗೆ ನನ್ನನ್ನು ಕೇಳಿದರು: "ಸರ್, ನಮ್ಮ ಶಾಲೆಯ ಮೀನಿನ ತೊಟ್ಟಿಯ ಗಾಜಿನ ಮೇಲೆ ಗೀರುಗಳು ಬಿದ್ದಿವೆ. ಒಂದು ಅಂಚಿನಲ್ಲಿ ಚಕ್ಕೆಯೂ ಎದ್ದಿದೆ. ಮಕ್ಕಳು ಅದರ ಸುತ್ತಲೇ ಕೂರುತ್ತಾರೆ. ಇಟ್ಟುಕೊಳ್ಳಬಹುದೇ, ತೆಗೆದುಬಿಡಬೇಕೇ?"

ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಗಾಜಿನ ಅಂಗಡಿಯಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಕೆಲಸಗಾರ ಪುಟ್ಟ ಚಕ್ರವಿರುವ ಕಡ್ಡಿಯಿಂದ ಹಾಳೆಯ ಮೇಲೆ ಒಂದೇ ಒಂದು ಗೀರು ಎಳೆಯುತ್ತಾನೆ. ಎರಡೂ ಕೈಗಳಿಂದ ಮೆಲ್ಲಗೆ ಬಾಗಿಸುತ್ತಾನೆ. ಗಾಜು ಗೀರಿನ ಗುಂಟ ನೇರವಾಗಿ ಇಬ್ಭಾಗವಾಗುತ್ತದೆ. ಒಂದು ಗೀರಿಗೆ ಇಷ್ಟು ಸುಲಭವಾಗಿ ಸೋಲುವ ಗಾಜು, ಹತ್ತಾರು ಗೀರುಗಳಿರುವ ತೊಟ್ಟಿಯಲ್ಲಿ ವರ್ಷಗಟ್ಟಲೆ ನೀರನ್ನು ಹೇಗೆ ತಡೆದು ನಿಲ್ಲುತ್ತದೆ? ಈ ಪ್ರಶ್ನೆಯ ಉತ್ತರಕ್ಕೆ ಒಂದು ದೀರ್ಘ ಇತಿಹಾಸವಿದೆ. ಅದರ ಮೊದಲ ಪುಟಗಳು ನಮ್ಮ ರಾಯಚೂರು ಜಿಲ್ಲೆಯಲ್ಲೇ ಇವೆ.

ಮಸ್ಕಿ ಎಂದೊಡನೆ ನಮಗೆ ನೆನಪಾಗುವುದು ಅಶೋಕನ ಶಾಸನ. ಚಿನ್ನದ ಗಣಿ ಎಂಜಿನಿಯರ್ ಆಗಿದ್ದ ಬೀಡನ್ 1915ರಲ್ಲಿ ಅದನ್ನು ಪತ್ತೆಮಾಡಿದರು. ಆದರೆ ಮಸ್ಕಿಯ ಚರಿತ್ರೆ ಅಶೋಕನಿಗಿಂತ ಬಹಳ ಹಳೆಯದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಇಲ್ಲಿನ ಪ್ರಾಚೀನ ಅವಶೇಷಗಳನ್ನು ಗುರುತಿಸಿದ್ದರು. 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಚರ್ಟ್, ಅಗೇಟ್ ಮುಂತಾದ ಗಟ್ಟಿ ಕಲ್ಲುಗಳಿಂದ ತೆಗೆದ ತೆಳುವಾದ ಅಲಗುಗಳು ದೊರೆತವು. ಈ ಕಲ್ಲುಗಳೂ ಗಾಜಿನಂತೆಯೇ ಭಿದುರ ವಸ್ತುಗಳು. ಅಂದರೆ ಬಾಗುವುದಿಲ್ಲ, ಒಡೆಯುತ್ತವೆ. ಎಲ್ಲಿ ಒತ್ತಿದರೆ ಬಿರುಕು ಹುಟ್ಟಿ ಯಾವ ದಿಕ್ಕಿಗೆ ಓಡುತ್ತದೆ ಎಂಬುದು ಆ ಕುಶಲಕರ್ಮಿಗಳ ಕೈಗೆ ಗೊತ್ತಿತ್ತು. ನಾವು ಭಯಪಡುವ ಚಕ್ಕೆಯೇ ಅವರಿಗೆ ಉಪಕರಣವಾಗಿತ್ತು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯದು ಇನ್ನೊಂದು ಪಾಠ. ಅಲ್ಲಿನ ಈಗಿನ ಗಣಿ ಕಂಪನಿ 1947ರಲ್ಲಿ ಸ್ಥಾಪನೆಯಾದರೂ, ಅದೇ ನೆಲದಲ್ಲಿ ಪ್ರಾಚೀನರು ಬಹಳ ಆಳಕ್ಕೆ ಚಿನ್ನ ತೋಡಿದ್ದ ಗುರುತುಗಳಿವೆ. ಸಿಡಿಮದ್ದಿಲ್ಲದ ಕಾಲದಲ್ಲಿ ಗಣಿಗಾರರು ಬಂಡೆಯ ಮುಂದೆ ಬೆಂಕಿ ಉರಿಸಿ ಅದನ್ನು ಕಾಯಿಸಿ ಸೀಳುತ್ತಿದ್ದರು. ಉಷ್ಣತೆಯ ವ್ಯತ್ಯಾಸವೊಂದೇ ಬಂಡೆಯನ್ನು ಒಡೆಯಬಲ್ಲದು ಎಂಬ ಈ ತಿಳಿವಳಿಕೆಗೆ ನಾವು ಮತ್ತೆ ಬರೋಣ.

ಕೈಗೆ ಗೊತ್ತಿದ್ದದ್ದು ಲೆಕ್ಕಕ್ಕೆ ಸಿಕ್ಕಿದ್ದು ತೀರ ಈಚೆಗೆ. 1898ರಲ್ಲಿ ಜರ್ಮನಿಯ ಕಿರ್ಷ್, ಎಳೆತಕ್ಕೆ ಒಳಗಾದ ಫಲಕದಲ್ಲಿ ದುಂಡನೆಯ ರಂಧ್ರವಿದ್ದರೆ ಅದರ ಅಂಚಿನಲ್ಲಿ ಪೀಡನವು ಮೂರು ಪಟ್ಟಾಗುತ್ತದೆಂದು ತೋರಿಸಿದ. 1913ರಲ್ಲಿ ಇಂಗ್ಲೆಂಡಿನ ಇಂಗ್ಲಿಸ್ ದೀರ್ಘವೃತ್ತಾಕಾರದ ರಂಧ್ರದ ಲೆಕ್ಕ ಮಾಡಿದ. ರಂಧ್ರದ ಉದ್ದ ಅಗಲದ ಹತ್ತು ಪಟ್ಟಿದ್ದು, ಎಳೆತವು ಆ ಉದ್ದಕ್ಕೆ ಅಡ್ಡವಾಗಿದ್ದರೆ, ತುದಿಯಲ್ಲಿ ಪೀಡನ 21 ಪಟ್ಟು! ರಂಧ್ರ ಕಿರಿದಾಗುತ್ತ ಬಿರುಕಾದರೆ ಈ ಸಂಖ್ಯೆ ಮಿತಿಯಿಲ್ಲದೆ ಏರುತ್ತದೆ.

ಇಲ್ಲೊಂದು ತೊಡಕಿದೆ, ಗಮನಿಸಿ. ಇಂಗ್ಲಿಸ್‌ನ ಸೂತ್ರದಲ್ಲಿ ಮುಖ್ಯವಾದದ್ದು ರಂಧ್ರದ ಆಕಾರ, ಗಾತ್ರವಲ್ಲ. ಹಾಗಿದ್ದರೆ ಕೂದಲೆಳೆಯಂಥ ಗೀರೂ ಅದೇ ಆಕಾರದ ದೊಡ್ಡ ಬಿರುಕಿನಷ್ಟೇ ಅಪಾಯಕಾರಿಯಾಗಬೇಕು. ಅನುಭವ ಹಾಗೆ ಹೇಳುವುದಿಲ್ಲ.

ಈ ತೊಡಕನ್ನು ಬಿಡಿಸಿದವನು ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎ. ಎ. ಗ್ರಿಫಿತ್. ಲೋಹದ ಭಾಗಗಳ ಮೇಲಿನ ಗೀರುಗಳು ಅವುಗಳ ಬಲವನ್ನು ಏಕೆ ಕುಗ್ಗಿಸುತ್ತವೆ ಎಂಬ ಪ್ರಶ್ನೆಯಿಂದ ಹೊರಟ ಅವನು ಪ್ರಯೋಗಕ್ಕೆ ಗಾಜನ್ನು ಆರಿಸಿಕೊಂಡ. 1921ರಲ್ಲಿ ಪ್ರಕಟವಾದ ಅವನ ಪ್ರಬಂಧದ ತಿರುಳು ಇಷ್ಟು: ಬಿರುಕು ಮುಂದುವರಿದಾಗ ಗಾಜಿನಲ್ಲಿ ಸಂಗ್ರಹವಾಗಿದ್ದ ಸ್ಥಿತಿಸ್ಥಾಪಕ ಶಕ್ತಿ ಬಿಡುಗಡೆಯಾಗುತ್ತದೆ, ಜೊತೆಗೆ ಹೊಸ ಮೇಲ್ಮೈಗಳನ್ನು ಸೃಷ್ಟಿಸಲು ಶಕ್ತಿ ಖರ್ಚಾಗುತ್ತದೆ. ಆದಾಯ ವೆಚ್ಚವನ್ನು ಮೀರಿದಾಗ ಮಾತ್ರ ಬಿರುಕು ತಾನಾಗಿ ಓಡುತ್ತದೆ. ಈ ಜಮಾಖರ್ಚಿನಿಂದ ಬರುವ ನಿಯಮ ಸರಳವಾದದ್ದು. ಒಡೆಯಲು ಬೇಕಾದ ಪೀಡನವು ಬಿರುಕಿನ ಆಳದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಆಳ ನಾಲ್ಕು ಪಟ್ಟಾದರೆ ಬಲ ಅರ್ಧಕ್ಕೆ ಇಳಿಯುತ್ತದೆ. ಗಾತ್ರಕ್ಕೆ ಹೀಗೆ ಲೆಕ್ಕದಲ್ಲಿ ಸ್ಥಾನ ಸಿಕ್ಕಿತು.

ಗ್ರಿಫಿತ್ ಇನ್ನೊಂದನ್ನೂ ಕಂಡುಕೊಂಡ. ಸುಮಾರು 1 ಮಿಲಿಮೀಟರ್ ದಪ್ಪದ ಗಾಜಿನ ಎಳೆ ಸುಮಾರು 170 ಮೆಗಾಪ್ಯಾಸ್ಕಲ್ ಪೀಡನಕ್ಕೆ ತುಂಡಾದರೆ, 0.0033 ಮಿಲಿಮೀಟರಿನ ಎಳೆ ಸುಮಾರು 3400 ಮೆಗಾಪ್ಯಾಸ್ಕಲ್ ತಾಳಿತು. ತೆಳು ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ. ಅಂದರೆ ಗಾಜು ಸ್ವಭಾವತಃ ದುರ್ಬಲ ವಸ್ತುವಲ್ಲ. ಅದನ್ನು ದುರ್ಬಲಗೊಳಿಸುವುದು ಅದರ ಮೈಮೇಲಿನ ಗಾಯಗಳು.

ನಮ್ಮ ತೊಟ್ಟಿಗೆ ಇನ್ನೊಂದು ವಿಶೇಷವುಂಟು: ಅದು ಸದಾ ನೀರಿನ ಸಂಗದಲ್ಲಿರುತ್ತದೆ. 1967ರಲ್ಲಿ ಅಮೆರಿಕದ ವೀಡರ್‌ಹಾರ್ನ್, ತೇವ ಹೆಚ್ಚಿದಂತೆ ಗಾಜಿನ ಬಿರುಕು ಹೆಚ್ಚು ವೇಗವಾಗಿ ಬೆಳೆಯುತ್ತದೆಂದು ಅಳೆದು ತೋರಿಸಿದ. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕಿರುವ ಸಿಲಿಕಾನ್-ಆಕ್ಸಿಜನ್ ಬಂಧವನ್ನು ನೀರಿನ ಅಣು ಕತ್ತರಿಸುತ್ತದೆ. ಹೀಗಾಗಿ ಇಂದು ತಾಳಿದ ಹೊರೆಯನ್ನು ಗಾಜು ವರ್ಷದ ನಂತರವೂ ತಾಳೀತು ಎನ್ನುವಂತಿಲ್ಲ. ದೀರ್ಘಕಾಲದ ಬಲವನ್ನು ತಕ್ಷಣದ ಬಲದ ಮೂರನೆಯ ಒಂದು ಭಾಗವೆಂದು ಎಣಿಸುವುದು ಕ್ಷೇಮ.

ಈಗ ಲೆಕ್ಕ ಹಾಕೋಣ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ, 6 ಮಿಲಿಮೀಟರ್ ಗಾಜಿನ ತೊಟ್ಟಿಯನ್ನು ತೆಗೆದುಕೊಳ್ಳಿ. ತುಂಬಿದಾಗ ಅದರಲ್ಲಿ ಸುಮಾರು 54 ಲೀಟರ್ ನೀರು. ತಳದಲ್ಲಿ ಒತ್ತಡ ಸುಮಾರು 2.9 ಕಿಲೋಪ್ಯಾಸ್ಕಲ್. ಇದರಿಂದ ಮುಂಭಾಗದ ಗಾಜು ಹೊರಕ್ಕೆ ಉಬ್ಬಿ, ಅದರಲ್ಲಿ ಉಂಟಾಗುವ ಗರಿಷ್ಠ ಎಳೆತದ ಪೀಡನ ಸುಮಾರು 2.4 ಮೆಗಾಪ್ಯಾಸ್ಕಲ್. ಸಾಮಾನ್ಯ ಗಾಜಿನಲ್ಲಿ ಉದ್ದನೆಯ ಬಿರುಕೊಂದರ ಆಳ 0.1 ಮಿಲಿಮೀಟರ್ ಇದ್ದರೆ ತಕ್ಷಣದ ಬಲ ಸುಮಾರು 38 ಮೆಗಾಪ್ಯಾಸ್ಕಲ್, ದೀರ್ಘಕಾಲದ್ದು ಸುಮಾರು 12. ನೀರಿನ ಹೊರೆಗಿಂತ ಇದು ಐದು ಪಟ್ಟು! ಆಳ 1 ಮಿಲಿಮೀಟರ್ ಆದರೆ ದೀರ್ಘಕಾಲದ ಬಲ ಸುಮಾರು 4ಕ್ಕೆ ಇಳಿಯುತ್ತದೆ. 3 ಮಿಲಿಮೀಟರ್ ಆದರೆ ಅಂತರವೇ ಉಳಿಯುವುದಿಲ್ಲ.

ಗಾಜಿನ ಅಂಗಡಿಯ ಒಗಟೂ ಇಲ್ಲಿ ಬಿಡಿಸಿಕೊಂಡಿತು. ಚಕ್ರವು ಗೀರಿನ ಕೆಳಗೆ ಗಾಜಿನೊಳಕ್ಕೆ ಬಿರುಕನ್ನು ಇಳಿಸಿರುತ್ತದೆ. ಬಳಿಕ ಗೀರು ತೆರೆದುಕೊಳ್ಳುವ ದಿಕ್ಕಿಗೆ ಕೈಗಳು ಬಾಗಿಸುತ್ತವೆ. ತೊಟ್ಟಿಯ ಗೀರಿಗೆ ಆ ಆಳವೂ ಇಲ್ಲ, ಆ ಬಾಗುವಿಕೆಯೂ ಇಲ್ಲ.

ಹಾಗಾದರೆ ಭಯವೇ ಬೇಡವೇ? ನನ್ನದೇ ತಪ್ಪೊಂದನ್ನು ಹೇಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಉಪನ್ಯಾಸಕನಾಗಿದ್ದಾಗ, ಲಿಂಗಸುಗೂರಿನ ಕಡೆಯ ಒಂದು ಶಾಲೆಯಲ್ಲಿ ಇಂಥದೇ ತೊಟ್ಟಿಯನ್ನು ತೋರಿಸಿದರು. ಅಂಚಿನಲ್ಲಿ ಚಕ್ಕೆ ಎದ್ದಿತ್ತು. ನಾನು ನೀರಿನ ಒತ್ತಡವನ್ನಷ್ಟೇ ಲೆಕ್ಕ ಹಾಕಿ "ಏನೂ ಆಗುವುದಿಲ್ಲ" ಎಂದೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ತೊಟ್ಟಿಯನ್ನು ತೊಳೆದು ಬಿಸಿಲಿಗಿಟ್ಟರು. ಮಧ್ಯಾಹ್ನ ಅದಕ್ಕೆ ತಣ್ಣನೆಯ ನೀರು ಸುರಿದರು. ಆ ಚಕ್ಕೆಯಿಂದಲೇ ಬಿರುಕು ಹೊರಟು ಗಾಜು ಕಳಚಿ ಬಿತ್ತು. ಹುಡುಗನೊಬ್ಬನ ಪಾದಕ್ಕೆ ಹೊಲಿಗೆ ಹಾಕಬೇಕಾಯಿತು.

ನಾನು ಮರೆತದ್ದು ಹಟ್ಟಿಯ ಪ್ರಾಚೀನರ ಪಾಠವನ್ನು. ಗಾಜಿನ ಮೇಲ್ಮೈ ಥಟ್ಟನೆ ತಣ್ಣಗಾದಾಗ ಅದು ಕುಗ್ಗಲು ಯತ್ನಿಸುತ್ತದೆ. ಒಳಗಿನ ಬಿಸಿ ಭಾಗ ಬಿಡುವುದಿಲ್ಲ. ಒಂದೊಂದು ಡಿಗ್ರಿ ವ್ಯತ್ಯಾಸಕ್ಕೂ ಮೇಲ್ಮೈಯಲ್ಲಿ ಸುಮಾರು 0.8 ಮೆಗಾಪ್ಯಾಸ್ಕಲ್‌ವರೆಗೆ ಎಳೆತ ಉಂಟಾಗಬಹುದು. 20 ಡಿಗ್ರಿಗೆ 16 ಮೆಗಾಪ್ಯಾಸ್ಕಲ್! ನೀರಿನ ಹೊರೆಯ ಆರು ಪಟ್ಟಿಗೂ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಇದು ಪುಸ್ತಕದ ಮಾತಲ್ಲ.

ಆದ್ದರಿಂದ ಸಿಂಧನೂರಿನ ಶಿಕ್ಷಕರಿಗೆ ನನ್ನ ಉತ್ತರ ಹೀಗಿದೆ. ಉಗುರಿಗೆ ತಾಗದಷ್ಟು ನವಿರಾದ ಗೀರುಗಳು ನೋಟಕ್ಕೆ ಕುಂದು, ಬಲಕ್ಕಲ್ಲ. ಉಗುರು ಸಿಕ್ಕಿಕೊಳ್ಳುವ ಗೀರು ಗಾಜಿನ ಹೊರಮೈಯಲ್ಲಿದ್ದರೆ ಹೆಚ್ಚು ಎಚ್ಚರ ಬೇಕು. ನೀರಿನ ತಳ್ಳಿಕೆಗೆ ಹೆಚ್ಚು ಎಳೆತ ಬೀಳುವುದು ಅಲ್ಲಿಯೇ. ಚಕ್ಕೆ ಎದ್ದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಚಿಪ್ಪಿನಾಕಾರದ ಗುಳಿಯಷ್ಟೇ ಇದ್ದು ಅದರಿಂದ ಗೆರೆ ಹೊರಟಿರದಿದ್ದರೆ, ಅದು ಮೇಲಂಚಿನ ನಡುಭಾಗದಲ್ಲಿರದೆ ಮೂಲೆಯಲ್ಲಿದ್ದರೆ, ತೊಟ್ಟಿಯನ್ನು ಉಳಿಸಿಕೊಳ್ಳಬಹುದು. ಗುಳಿಯಿಂದ ಹೊಳೆಯುವ ಗೆರೆಯೊಂದು ಗಾಜಿನೊಳಕ್ಕೆ ಹೋಗಿದ್ದರೆ ಅದು ಬಿರುಕು. ಸಿಲಿಕೋನ್ ಅಂಟು ಸೋರಿಕೆಯನ್ನು ನಿಲ್ಲಿಸೀತು, ಬಿರುಕನ್ನಲ್ಲ. ಅಂಥ ಹಾಳೆಯನ್ನು ಬದಲಿಸಲೇಬೇಕು. ತೊಟ್ಟಿ ಯಾವುದೇ ಇರಲಿ, ಸಮತಟ್ಟಾದ ಆಧಾರದ ಮೇಲಿಡಿ, ಬಿಸಿಲಿನಿಂದ ದೂರವಿಡಿ, ಕೋಣೆಯ ಉಷ್ಣತೆಯ ನೀರನ್ನೇ ತುಂಬಿ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಿ. ಒಂದೇ ಅಳತೆಯ ಕಾಗದದ ಪಟ್ಟಿಗಳ ಅಂಚಿನಲ್ಲಿ 1, 4 ಮತ್ತು 9 ಮಿಲಿಮೀಟರ್ ಸೀಳು ಮಾಡಿ, ಕೆಳಗೆ ತೂಕ ಕಟ್ಟುತ್ತ ಹೋಗಿ. ಕಾಗದವು ಗಾಜಲ್ಲವಾದ್ದರಿಂದ ಗ್ರಿಫಿತ್‌ನ ನಿಯಮ ನಿಖರವಾಗಿ ಸಿಗದು. ಆದರೆ ಸೀಳು ಹೆಚ್ಚಿದಂತೆ ತೂಕ ಇಳಿಯುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ಆಮೇಲೆ ಅವರನ್ನು ಮೀನಿನ ತೊಟ್ಟಿಯ ಬಳಿಗೆ ಕರೆದೊಯ್ದು, ಅದರ ಅಂಚುಗಳನ್ನು ಮುಟ್ಟದೆ, ಬೆಳಕು ಹಿಡಿದು ನೋಡಲು ಹೇಳಿ. ಗೀರು ಯಾವುದು, ಬಿರುಕು ಯಾವುದು ಎಂದು ಅವರೇ ನಿಮಗೆ ತೋರಿಸಲಿ.