ಭದ್ರೆಯ ಮೀನು, ನೇತ್ರಾಣಿಯ ಹವಳ: ಒಂದು ಶಾರೀರಿಕ ವಿವೇಚನೆ

ಹೊಳೆಹೊನ್ನೂರಿನ ಮಗ್ಗುಲಲ್ಲಿ ಹರಿದು ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಯಲ್ಲಿ ಗೆಂಡೆ, ಬಾಳೆ ಮೊದಲಾದ ಮೀನುಗಳುಂಟು; ಹವಳವಿಲ್ಲ. ಈ ಸೀಮೆಯವರು ಹವಳವನ್ನು ಬಲ್ಲುದು ಕೊರಳ ಸರದ ಕೆಂಪು ಮಣಿಯಾಗಿ. ಜೀವಂತ ಹವಳವನ್ನು ಕಾಣಬೇಕಾದರೆ ಘಟ್ಟವಿಳಿದು, ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದವರೆಗೆ ಹೋಗಬೇಕು. ಮತ್ಸ್ಯಕುಲವು ಹೊಳೆ, ಕಡಲುಗಳೆರಡನ್ನೂ ಆಕ್ರಮಿಸಿರಲು ಹವಳವು ಲವಣಜಲಕ್ಕೇ ಕಟ್ಟುಬಿದ್ದುದೇಕೆಂಬ ಪ್ರಶ್ನೆಯೇ ಇವೆರಡರ ಭೇದವನ್ನು ತಿಳಿಯಲು ಸರಿಯಾದ ದ್ವಾರವೆಂದು ನನ್ನ ಮತ.

ಹವಳವು ಪ್ರಾಣಿಯೆಂಬುದನ್ನೇ ವಿದ್ವಾಂಸರು ಬಹುಕಾಲ ಅರಿತಿರಲಿಲ್ಲ. ಅದರ ತುದಿಯಲ್ಲಿ ಅರಳುವುದು ಹೂವೆಂಬ ನಂಬಿಕೆಯನ್ನು ಹದಿನೆಂಟನೆಯ ಶತಮಾನದ ಮೂರನೆಯ ದಶಕದಲ್ಲಿ ಫ್ರಾನ್ಸಿನ ವೈದ್ಯ ಪೇಸೊನೆಲ್ ಅಲ್ಲಗಳೆದನು. ಆ 'ಹೂವು' ಕುಟುಕುಕೋಶಗಳುಳ್ಳ ಕರಬಳ್ಳಿಗಳ ನಡುವೆ ಒಂದೇ ರಂಧ್ರವುಳ್ಳ ಜೀವಿ. ಉಣ್ಣುವುದೂ ವಿಸರ್ಜಿಸುವುದೂ ಆ ಬಾಯಿಯಿಂದಲೇ. ಎರಡು ಕೋಶಸ್ತರಗಳು, ನಡುವೆ ಲೋಳೆಯಂತಹ ಪದರ, ಮಿದುಳಿಲ್ಲದ ನರಜಾಲ, ಇಷ್ಟೇ ಅದರ ಸಂಪತ್ತು. ಹೃದಯ, ರಕ್ತ, ಮೂತ್ರಪಿಂಡಗಳಾವುವೂ ಅದಕ್ಕಿಲ್ಲ. ಕಡಲೇ ಅದರ ರಕ್ತದ ಕೆಲಸವನ್ನು ಮಾಡುವುದರಿಂದ, ಕಡಲಿನ ಉಪ್ಪು ಬಹಳವಾಗಿ ತಗ್ಗಿದರೆ ಅದರ ಪ್ರಾಣಕ್ಕೇ ಕುತ್ತು. ಮಳೆಗಾಲದಲ್ಲಿ ಶರಾವತಿಯಂತಹ ನದಿಗಳು ಸಿಹಿನೀರನ್ನೂ ಕೆಸರನ್ನೂ ತಂದು ಸುರಿಯುವ ನಮ್ಮ ಕರಾವಳಿಯಂಚಿನಲ್ಲಿ ಹವಳವು ವಿರಳವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಮೀನಾದರೋ ತನ್ನ ಕಡಲನ್ನು ಒಳಗೇ ಹೊತ್ತಿರುವ ಪ್ರಾಣಿ. ಈಗತಾನೆ ಹಿಡಿದ ಗೆಂಡೆಯ ಕಿವಿರಿನ ಮುಚ್ಚಳವನ್ನೆತ್ತಿದರೆ ರಕ್ತವರ್ಣದ ಎಳೆಗಳು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ತೋರುವುವು. ಅವುಗಳೊಳಗೆ ರಕ್ತವು ನೀರಿನ ಪ್ರವಾಹಕ್ಕೆ ಇದಿರಾಗಿ ಹರಿದು ಪ್ರಾಣವಾಯುವನ್ನು ಹೀರುತ್ತದೆ. ಆ ರಕ್ತದ ಲವಣಾಂಶ ಸಮುದ್ರಜಲದ ಸುಮಾರು ಮೂರರಲ್ಲೊಂದು ಪಾಲು, ಆದರೂ ಹೊಳೆಯ ನೀರಿಗಿಂತ ಎಷ್ಟೋ ಹೆಚ್ಚು. ಆದಕಾರಣ ನೀರು ಎಡೆಬಿಡದೆ ಒಳನುಗ್ಗುತ್ತದೆ. ಮೂತ್ರಪಿಂಡವು ಅದನ್ನು ತೆಳುವಾದ ಮೂತ್ರವಾಗಿ ಹೊರಚೆಲ್ಲುತ್ತದೆ. ನಷ್ಟವಾದ ಲವಣವನ್ನು ಕಿವಿರಿನ ವಿಶೇಷಕೋಶಗಳು ಹೊಳೆಯಿಂದಲೇ ಮರಳಿ ಸೆಳೆದುಕೊಳ್ಳುತ್ತವೆ. ಕಡಲಿನ ಎಲುಬುಮೀನು ಇದಕ್ಕೆ ವ್ಯತಿರಿಕ್ತವಾಗಿ ಉಪ್ಪುನೀರನ್ನೇ ಕುಡಿದು, ಮಿಕ್ಕ ಉಪ್ಪನ್ನು ಕಿವಿರಿನಿಂದ ಹೊರದೂಡುತ್ತದೆ.

ಅಸ್ಥಿಯಲ್ಲಿಯೂ ಭೇದವುಂಟು. ಮೀನಿನ ಎಲುಬು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟು, ದೇಹದೊಳಗೇ ಬೆಳೆಯುವ ಸಜೀವ ಧಾತು. ದಿಬ್ಬಕಟ್ಟುವ ಹವಳವು ತನ್ನ ಬುಡದ ಕೆಳಗೆ ಸ್ರವಿಸುವುದು ಕ್ಯಾಲ್ಸಿಯಂ ಕಾರ್ಬೊನೇಟು. ಆ ನಿರ್ಮಾಣಕ್ಕೆ ಬೇಕಾದ ಶಕ್ತಿಯ ಬಹುಭಾಗವನ್ನು ಅದರ ಕೋಶಗಳಲ್ಲಿ ನೆಲಸಿರುವ ಸೂಕ್ಷ್ಮಪಾಚಿಗಳು ಬಿಸಿಲಿನಿಂದ ಒದಗಿಸುತ್ತವೆ.

ಹವಳದ ವರ್ಗಕ್ಕೆ ಸಿಹಿನೀರು ಸರ್ವಥಾ ನಿಷಿದ್ಧವೆಂದು ಮಾತ್ರ ಹೇಳಲಾಗದು. ಅದರ ಜ್ಞಾತಿಯಾದ ಹೈಡ್ರಾ ಕೆರೆಕುಂಟೆಗಳ ಜಲಸಸ್ಯಗಳಿಗಂಟಿಕೊಂಡು ಬದುಕುತ್ತದೆ. ಮೂತ್ರಪಿಂಡವಿಲ್ಲದೆಯೇ, ಒಳಸೇರಿದ ನೀರನ್ನು ಜಠರಕುಹರದಲ್ಲಿ ಕೂಡಿಸಿ ಬಾಯಿಂದಲೇ ಹೊರಚೆಲ್ಲುತ್ತದೆ. ಆದರೆ ಅದು ಕೆಲವೇ ಮಿಲಿಮೀಟರಿನ ಜೀವಿ, ಅಸ್ಥಿಯನ್ನು ಕಟ್ಟುವುದಿಲ್ಲ.