ಕರೆಂಟ್ ಬಿಲ್ಲಿನ 36 ಪೈಸೆಗೂ 1999ಕ್ಕೂ ಏನು ಸಂಬಂಧ?

ಎಪಿಸೋಡ್ ಕೇಳ್ತಾ ಇರೋವಾಗಲೇ ಸಾಧ್ಯ ಆದ್ರೆ ಮನೆಯ ಒಂದು ಕರೆಂಟ್ ಬಿಲ್ ಹುಡುಕಿ ಇಟ್ಕೊಳ್ಳಿ. ಒಟ್ಟು ಮೊತ್ತ ಎಲ್ಲರೂ ನೋಡ್ತೀವಿ. ಇವತ್ತು ಅದರ ಮೇಲಿರೋ ಸಣ್ಣ ಅಕ್ಷರದ ಸಾಲುಗಳನ್ನ ಓದೋಣ. ನಾನು ಬಿ.ಕಾಂ. ಓದಿದವನು, ಬಿಲ್ ಅಂದ್ರೆ ನನಗೆ ಇತಿಹಾಸದ ದಾಖಲೆ ಇದ್ದ ಹಾಗೆ. ಯಾವ ಸರ್ಕಾರಕ್ಕೆ ಯಾವಾಗ ದುಡ್ಡು ಬೇಕಾಗಿತ್ತು ಅನ್ನೋದು ಅದರಲ್ಲಿ ಪದರ ಪದರವಾಗಿ ಕೂತಿರುತ್ತೆ.

2025ರ ಏಪ್ರಿಲ್ 1ರಿಂದ ಶುರು ಮಾಡ್ತೀನಿ. ಅವತ್ತಿನಿಂದ ಕರ್ನಾಟಕದಲ್ಲಿ ಮನೆ ಬಳಕೆಯ ಯೂನಿಟ್ ದರ 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳೀತು. ಇಳಿಕೆ! ಆದ್ರೆ ಅದೇ ದಿನದಿಂದ ನಿಗದಿತ ಶುಲ್ಕ ಒಂದು ಕಿಲೋವ್ಯಾಟ್‌ಗೆ 120 ಇದ್ದದ್ದು 145 ರೂಪಾಯಿ ಆಯ್ತು. ಜೊತೆಗೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ ಅಂತ ಯೂನಿಟ್‌ಗೆ 36 ಪೈಸೆಯ ಹೊಸ ಸಾಲು ಬಂತು. ಲೆಕ್ಕ ಹಾಕಿ ನೋಡಿ. ಮೂರು ಕಿಲೋವ್ಯಾಟ್ ಲೋಡ್ ಇರೋ, ತಿಂಗಳಿಗೆ 250 ಯೂನಿಟ್ ಉರಿಸೋ ಮನೆಗೆ ದರ ಇಳಿಕೆಯಿಂದ ಉಳಿದದ್ದು 25 ರೂಪಾಯಿ. ನಿಗದಿತ ಶುಲ್ಕದಲ್ಲಿ ಹೋದದ್ದು 75. ಸರ್‌ಚಾರ್ಜ್‌ನಲ್ಲಿ ಹೋದದ್ದು 90. ಅಂದ್ರೆ ದರ ಇಳಿದ ತಿಂಗಳಲ್ಲಿ ಬಿಲ್ 140 ರೂಪಾಯಿ ಏರಿತು. ತೆರಿಗೆ ಇನ್ನೂ ಸೇರಿಸಿಲ್ಲ.

ಈ 36 ಪೈಸೆ ಯಾರ ಪಿಂಚಣಿಗೆ? ಇದಕ್ಕೆ 1999ಕ್ಕೆ ಹೋಗಬೇಕು. ಅಲ್ಲಿವರೆಗೆ ವಿದ್ಯುತ್ ಅಂದ್ರೆ ಕೆಇಬಿ, ಸರ್ಕಾರದ ಒಂದೇ ಮಂಡಳಿ. (ನಮ್ಮ ಕಡೆ ಈಗಲೂ ಲೈನ್‌ಮನ್ ಬಂದ್ರೆ 'ಕೆಇಬಿಯವರು ಬಂದ್ರು' ಅಂತಾನೇ ಹೇಳೋದು. ಮಂಡಳಿ ಹೋಗಿ ಕಾಲು ಶತಮಾನ ಆಯ್ತು.) ಸುಧಾರಣೆಯ ಕಾಲ ಅದು. ರಾಜ್ಯದಲ್ಲಿ ವಿದ್ಯುತ್ ಸುಧಾರಣಾ ಕಾಯ್ದೆ ಬಂತು, ಕೆಇಬಿ ಜಾಗಕ್ಕೆ ಕೆಪಿಟಿಸಿಎಲ್ ಅನ್ನೋ ಕಂಪನಿ ಬಂತು, ದರ ನಿಗದಿ ಮಾಡೋಕೆ ಕೆಇಆರ್‌ಸಿ ಅನ್ನೋ ಆಯೋಗ ಬಂತು. 2002ರಲ್ಲಿ ವಿತರಣೆಯನ್ನ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಂತ ಹಂಚಿದ್ರು.

ಕಂಪನಿ ಒಡೆಯೋದು ಸುಲಭ, ನೌಕರರ ವರ್ಷಗಳನ್ನ ಒಡೆಯೋದು ಕಷ್ಟ. ಕಂಬ ಹತ್ತಿ ಇಪ್ಪತ್ತು ವರ್ಷ ಸರ್ಕಾರದ ಮಂಡಳಿಗೆ ದುಡಿದವರನ್ನ 'ನಾಳೆಯಿಂದ ನೀವು ಕಂಪನಿಯವರು' ಅಂದ್ರೆ ಅವರು ಮೊದಲು ಕೇಳೋದೇ ಪಿಂಚಣಿ. ಅದಕ್ಕೊಂದು ಟ್ರಸ್ಟ್ ಆಯ್ತು, ಸರ್ಕಾರದ ಪಾಲು ಇಷ್ಟು ಅಂತ ಇತ್ತು. ಆ ಪಾಲು ಯಾರು ಕೊಡಬೇಕು ಅನ್ನೋ ಜಗಳ ವರ್ಷಗಟ್ಟಲೆ ನಡೆದು ಹೈಕೋರ್ಟ್‌ವರೆಗೆ ಹೋಯ್ತು. ಕೊನೆಗೆ 2025ರ ಮಾರ್ಚ್‌ನಲ್ಲಿ ಕೆಇಆರ್‌ಸಿ ಅದನ್ನ ಗ್ರಾಹಕರಿಂದ ವಸೂಲಿ ಮಾಡೋಕೆ ಒಪ್ಪಿಗೆ ಕೊಟ್ಟಿತು.

ನಿವೃತ್ತರಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಸರ್ಕಾರ ಹೊರಬೇಕಾದ ಹೊರೆ ಬಜೆಟ್‌ನಲ್ಲಿ ಇದ್ದಿದ್ರೆ ಶಾಸಕರು ಅದರ ಬಗ್ಗೆ ಮಾತಾಡಬೇಕಾಗ್ತಿತ್ತು. ಬಿಲ್ಲಿಗೆ ಬಂದಾಗ ಅದಕ್ಕೆ 'ಸರ್‌ಚಾರ್ಜ್' ಅಂತ ಹೆಸರು. 1999ರಲ್ಲಿ ಹುಟ್ಟೇ ಇರದ ಹುಡುಗ ಇವತ್ತು ಬಾಡಿಗೆ ರೂಮಲ್ಲಿ ಕೂತು ಅದನ್ನ ಯುಪಿಐನಲ್ಲಿ ಕಟ್ತಾನೆ, ಯಾತಕ್ಕೆ ಅಂತ ಗೊತ್ತಿಲ್ಲದೆ.

ಈಗ ತೆರಿಗೆಯ ಸಾಲು. ಕರೆಂಟ್‌ಗೆ ಜಿಎಸ್‌ಟಿ ಇಲ್ವಲ್ಲ ಅಂತ ಬಹಳ ಜನ ಕೇಳ್ತಾರೆ. ಇಲ್ಲ, ಯಾಕಂದ್ರೆ ಸಂವಿಧಾನದ ರಾಜ್ಯ ಪಟ್ಟಿಯ 53ನೇ ನಮೂದು ವಿದ್ಯುತ್ ಬಳಕೆ ಮತ್ತು ಮಾರಾಟದ ಮೇಲಿನ ತೆರಿಗೆಯನ್ನ ರಾಜ್ಯಗಳಿಗೇ ಬಿಟ್ಟಿದೆ. ನಮ್ಮಲ್ಲಿ ಇದಕ್ಕೆ ಆಧಾರ 1959ರ ಕಾಯ್ದೆ. ದರ ಶೇ 6 ಇತ್ತು. 2018ರ ಜುಲೈ ಬಜೆಟ್‌ನಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ರೈತರ ಸಾಲಮನ್ನಾ ಘೋಷಿಸಿದ್ರಲ್ಲ, ಅದೇ ಭಾಷಣದಲ್ಲಿ ಪೆಟ್ರೋಲ್, ಡೀಸೆಲ್ ತೆರಿಗೆ ಜೊತೆ ಇದನ್ನೂ ಶೇ 9ಕ್ಕೆ ಏರಿಸಿದ್ರು. ಪೆಟ್ರೋಲ್ ಬಂಕ್‌ನಲ್ಲಿ ಬೆಲೆ ದೊಡ್ಡ ಬೋರ್ಡ್‌ನಲ್ಲಿ ಕಾಣುತ್ತೆ, ಜನ ಬೈತಾರೆ. ಮೀಟರ್‌ಗೆ ಬೋರ್ಡ್ ಇಲ್ಲ. ಇದು ಶೇಕಡಾ ಲೆಕ್ಕದ ತೆರಿಗೆ ಅನ್ನೋದನ್ನೂ ಗಮನಿಸಿ. ಯೂನಿಟ್ ದರ ಏರಿದ್ರೆ ತೆರಿಗೆಯೂ ತಾನೇ ಏರುತ್ತೆ, ಯಾರೂ ಘೋಷಣೆ ಮಾಡಬೇಕಿಲ್ಲ.

ಇಂಧನ ಹೊಂದಾಣಿಕೆ ಶುಲ್ಕ ಇನ್ನೊಂದು. ಕಲ್ಲಿದ್ದಲು, ವಿದ್ಯುತ್ ಖರೀದಿ ದುಬಾರಿಯಾದ್ರೆ ಆ ವ್ಯತ್ಯಾಸ ನಮ್ಮ ಮೇಲೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ನಿಯಮ ತಿದ್ದುಪಡಿ ಆದಮೇಲೆ ಇದನ್ನ ತಿಂಗಳು ತಿಂಗಳೂ ವಸೂಲಿ ಮಾಡೋ ದಾರಿ ಆಯ್ತು.

'ನಮ್ಮನೆಗೆ ಗೃಹಜ್ಯೋತಿ ಇದೆ, ಸೊನ್ನೆ ಬಿಲ್' ಅಂತೀರಾ? 2023ರ ಆಗಸ್ಟ್‌ನಿಂದ ಬಂದ ಆ ಸೊನ್ನೆ ಬಿಲ್ಲಿನ ಹಿಂದೆಯೂ ಈ ಸಾಲುಗಳಿವೆ, ಅವನ್ನ ಸರ್ಕಾರ ತುಂಬುತ್ತೆ. ಬೇಸಿಗೆಯಲ್ಲಿ ಕೂಲರ್ ಹಾಕಿ 200 ಯೂನಿಟ್ ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಪಿಂಚಣಿ ಸರ್‌ಚಾರ್ಜ್ ಒಂದು ವರ್ಷಕ್ಕೆ ಮುಗಿಯಲ್ಲ. ಆಯೋಗದ ಆದೇಶದಲ್ಲಿ 2026-27ಕ್ಕೆ 35 ಪೈಸೆ, 2027-28ಕ್ಕೆ 34 ಪೈಸೆ ಅಂತಿದೆ. ನಿಮ್ಮ ಬಿಲ್ಲಿನಲ್ಲಿ ಎಷ್ಟು ಅಂತ ತಿಳಿಯೋಕೆ ಯೂನಿಟ್‌ಗಳನ್ನ ಆ ವರ್ಷದ ಪೈಸೆಯಿಂದ ಗುಣಿಸಿ. ಬಾಡಿಗೆಮನೆಯಲ್ಲಿದ್ದು ಓನರ್ ಸಬ್‌ಮೀಟರ್ ನೋಡಿ ದುಡ್ಡು ಕೇಳ್ತಿದ್ರೆ ಅಸಲಿ ಬಿಲ್ಲಿನ ಫೋಟೋ ಒಂದು ಕೇಳಿ ನೋಡಿ, ಕೊಟ್ರೆ ನಿಮ್ಮ ಪುಣ್ಯ.